ಹೂಬಿಟ್ಟ ಸಾಗೋ ಮರ

ದೊಡ್ಡಪ್ಪನಿಗೆ,

ನಮಸ್ಕಾರ ಬರೆ ಎಂದಳು ಅಮ್ಮ. ಬರೆದಿದ್ದೇನೆ.

ಅಪ್ಪ ನೆಟ್ಟ ಸಾಗೋ ತಾಳೆಮರದ ಕಾಂಡದಲ್ಲಿ ಸಬ್ಬಕ್ಕಿಯಂಥ ಹಿಟ್ಟು ತುಂಬಿದೆ, ಹೂ ಬರುವ ಮುಂಚೆ ಕಡಿಯೋಣ ಎಂದು ನಾನು ಹೇಳಿದಾಗ ಎಲ್ಲರೆದುರು ನಕ್ಕಿರಿ. "ನಾಲ್ಕನೇ ಕ್ಲಾಸಿನೋಳು ಮರ ತಟ್ಟಿ ಭವಿಷ್ಯ ಹೇಳ್ತಾಳೆ ನೋಡ್ರಪ್ಪ! ಮೊದಲು ನನ್ನ ಪಾಲು ತೀರ್ಮಾನವಾಗ್ಲಿ, ಅಲ್ಲೀವರೆಗೆ ಯಾರೂ ಮುಟ್ಟಬಾರದು" ಎಂದಿರಿ.

ಮುಟ್ಟಲಿಲ್ಲ. ಮರ ಹೂಬಿಟ್ಟು ಕಾಯಿಯೂ ಕಟ್ಟಿತು. ನಿನ್ನೆ ಕಾಂಡ ಕೊರೆದು ನೋಡಿದೆ, ಬರೀ ನಾರು. ಹಿಟ್ಟನ್ನೆಲ್ಲ ಹೂವು, ಕಾಯಿಗಳೇ ತಿಂದು ಮುಗಿಸಿವೆ. ನಾನೂ ಅಮ್ಮನೂ ಒಂದು ವರ್ಷ ಉಣ್ಣಬೇಕಿದ್ದ ಹಿಟ್ಟು ಅದು.

ಇನ್ನು ಪಾಲಿನ ಜಗಳ ಬೇಡ, ಇಡೀ ಮರ ನಿಮಗೇ ಇರಲಿ. ಕಡಿದು ಒಯ್ಯಲು ಬಂದರೆ ಹಿತ್ತಲಿನಿಂದಲೇ ಹೋಗಿಬಿಡಿ. ಅಮ್ಮನ ಕಣ್ಣಿಗೆ ಬಿದ್ದರೆ ಊಟ ಮಾಡಿಕೊಂಡು ಹೋಗಿ ಎಂದು ಕರೆದೇ ಕರೆಯುತ್ತಾಳೆ. ಬಡಿಸಲು ಮನೆಯಲ್ಲಿ ಏನೂ ಇಲ್ಲ.

ಇಂತಿ,
ನಿಮ್ಮ ತಮ್ಮನ ಮಗಳು