ಇಬ್ಬರು ಹಾಕಿದ ಉಪ್ಪು

ನವೆಂಬರ್ 4, ಮಂಗಳವಾರ. ಬೆಳಿಗ್ಗೆ 8

ಅಕ್ಕ ಕೊಟ್ಟ ಬಿಳಿ ಮಾತ್ರೆ ನುಂಗಿದೆ. ಬಾಯಿ ತೆರೆದು ತೋರಿಸಿಯೂ ಆಯಿತು. ಐವತ್ತು ಹತ್ತಿರ ಬಂದರೂ ಪ್ರಭಾವತಿ ಅಕ್ಕನಿಗೆ ನಾನಿನ್ನೂ ಸಣ್ಣ ತಮ್ಮ. ಗೇರುಬೀಜದ ಫ್ಯಾಕ್ಟರಿಗೆ ಹೋದಳು.

ಕಾಫಿ ಲೋಟ ಎತ್ತಿದೆ. ಕೈ ನಡುಗಿ ಅರ್ಧ ಲುಂಗಿಯ ಮೇಲೆ. ಹೋದ ವರ್ಷ ಹೀಗಿರಲಿಲ್ಲ. ಯಾಕಿರಬಹುದು? ಮುಂಬೈ ಹೋಟೆಲಿನಲ್ಲಿ ಆರು ಗ್ಲಾಸ್ ಚಾ ಹಿಡಿದು ಓಡುತ್ತಿದ್ದ ಕೈ ಇದೇ.

ಅದೇ ದಿನ, 11.30

ಆಶಾ ಕಾರ್ಯಕರ್ತೆ ಕುಸುಮ ಬಂದಿದ್ದಳು. ಸರ್ಕಾರಿ ಕ್ಯಾಂಪಿನ ಹಳದಿ ಮಾತ್ರೆ ಕೊಟ್ಟಳು — ರಾತ್ರಿ ಒಂದು.

"ನಿದ್ರಿ ಬತ್ತಾ ಚಂದಣ್ಣ?"

"ಹಗ್ಲೂ ಬತ್ತ್. ಕೈ ಎಂತಕೆ ನಡ್ಗತ್ ಕುಸುಮಾ?"

"ಡಾಕ್ಟ್ರ ಹತ್ರ ಕೇಣಿ. ಬೇರೆ ಎಂತಾರೂ ಮದ್ದ್ ತಕಂತ್ರಿಯಾ?"

ಇಲ್ಲ ಅಂದೆ. ಸುಳ್ಳು.

ಅಕ್ಕ ನನ್ನನ್ನು ಬ್ರಹ್ಮಾವರದ ಡಾಕ್ಟರಿಗೆ ತೋರಿಸಿ ಆ ಬಿಳಿ ಮಾತ್ರೆ ತರುವುದು ಇಲ್ಲಿ ವಂಡ್ಸೆಯಲ್ಲಿ ಯಾರಿಗೂ ತಿಳಿಯಬಾರದು. ಅದಕ್ಕೇ ಅಷ್ಟು ದೂರ. ಅವಳ ಮಗಳು ಶ್ರಾವ್ಯಳಿಗೆ ಬೀಜಾಡಿಯ ಸಂಬಂಧ ಮಾತಿನಲ್ಲಿದೆ. ಮಾವನಿಗೆ ಮಂಡೆ ಸಮ ಇಲ್ಲ ಅಂದರೆ ಮುಗಿಯಿತು. ಕುಸುಮ ಕರೆದಳೆಂದು ಜುಲೈಯಲ್ಲಿ ನಾನೊಬ್ಬನೇ ಮನೋವೈದ್ಯರ ಕ್ಯಾಂಪಿಗೆ ಹೋದದ್ದು ಅಕ್ಕನಿಗೆ ಗೊತ್ತಿಲ್ಲ. ಕುಸುಮ ಸೊಳ್ಳೆಮರಿ ಹುಡುಕಲು ಬರುತ್ತಾಳೆ ಎಂದು ಅಕ್ಕ ತಿಳಿದಿದ್ದಾಳೆ. ಇಬ್ಬರೂ ಒಳ್ಳೆಯವರು. ಇಬ್ಬರ ಮಾತ್ರೆಯೂ ನುಂಗುತ್ತೇನೆ.

ನವೆಂಬರ್ 6, ಗುರುವಾರ

ಪೇಟೆಗೆ ಹೋಗಿ ಸುಧೀರನ ಹೋಟೆಲಿನಲ್ಲಿ ಕೆಲಸ ಕೇಳಿದೆ. ಒಂದು ಚಾ ಕೊಟ್ಟು ಮೂಲೆ ಮೇಜಿಗೆ ಇಟ್ಟು ಬಾ ಅಂದ. ಮೇಜು ಮುಟ್ಟುವಾಗ ಗ್ಲಾಸಿಗಿಂತ ಸಾಸರಿನಲ್ಲೇ ಹೆಚ್ಚಿತ್ತು.

"ಕೈ ನಡ್ಗುದ್ ನಿಂತ್ರೆ ಬಾ ಮಾರಾಯ. ಹೊಸ ವರ್ಷದ್ ತನ್ಕ ಜಾಗ ಇಟ್ಕಂತೆ."

ಈ ಕೆಲಸ ನನಗೆ ಬೇಕು. ತುಂಬಾ ಬೇಕು. ಕೂತು ಕೂತು ಮನೆಯ ಗೋಡೆಗೂ ನನ್ನ ಮುಖ ನೋಡಿ ಬೇಜಾರು ಬಂದಿರಬೇಕು.

ನವೆಂಬರ್ 8, ಶನಿವಾರ

ಎರಡೂ ಮಾತ್ರೆ ಶೀಟು ಅಕ್ಕಪಕ್ಕ ಇಟ್ಟೆ. ಅಕ್ಕನ ಕನ್ನಡಕ ಹಾಕಿಕೊಂಡೆ. ಬಣ್ಣ ಬೇರೆ, ಕಂಪನಿ ಬೇರೆ, ಮೇಲಿನ ದೊಡ್ಡ ಹೆಸರು ಬೇರೆ. ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷು. ಒಂದೊಂದೇ ಅಕ್ಷರ ಕೂಡಿಸಿದೆ... ಎರಡೂ ಒಂದೇ ಮದ್ದು!

ನಗು ಬಂತು. ಆಮೇಲೆ ಸಿಟ್ಟು ಬಂತು.

ಅಂಧೇರಿಯ ಹೋಟೆಲಿನಲ್ಲಿ ಒಮ್ಮೆ ಹೀಗೇ ಆಗಿತ್ತು. ಅಡುಗೆಯ ದೊಡ್ಡ ಭಟ್ರು ಸಾಂಬಾರಿಗೆ ಉಪ್ಪು ಹಾಕಿ ಹೋದರು. ಸಣ್ಣ ಭಟ್ರು ಬಂದು ಮತ್ತೆ ಹಾಕಿದರು. ಇಬ್ಬರ ಅಳತೆಯೂ ಸರಿಯೇ, ಸಾಂಬಾರು ಮಾತ್ರ ಬಾಯಿಗೆ ಇಡಲಾಗಲಿಲ್ಲ. ಆದರೆ ಸಾಂಬಾರಿಗೆ ಬಾಯಿಲ್ಲ. ನನಗಿತ್ತಲ್ಲ?

ಹೇಳಿದರೆ ಅಕ್ಕನ ಗುಟ್ಟು ರಟ್ಟು. ಹೇಳದಿದ್ದರೆ ಈ ಕೈ...

ನವೆಂಬರ್ 9, ಭಾನುವಾರ

ಫೋನ್ ಮಾಡಿ ಕುಸುಮಳನ್ನು ಕರೆದೆ. ಅಕ್ಕನಿಗೆ ರಜೆ. ಇಬ್ಬರ ನಡುವೆ ಎರಡೂ ಶೀಟು ಇಟ್ಟೆ.

"ಇದ್ ಎಲ್ಲಿಂದ್ ಬಂತ್?" — ಇಬ್ಬರೂ ಒಟ್ಟಿಗೇ.

ಎಲ್ಲ ಹೇಳಿದೆ. ಅಕ್ಕನ ಮುಖ ಬಿಳಿಚಿತು. "ಊರೆಲ್ಲ ಹೇಳುಕಾಗ ಕುಸುಮಾ. ಶ್ರಾವ್ಯನ ಸಂಬಂಧ..."

"ಊರಿಗೆ ಎಂತಕೆ ಹೇಳ್ಲಿ ಅಕ್ಕ? ಡಾಕ್ಟ್ರಿಗೆ ಹೇಳ್ಕ್. ಚಂದಣ್ಣ, ನಿಮ್ಮಷ್ಟಕ್ಕೇ ಯಾವ್ದೂ ನಿಲ್ಸುಕಾಗ."

ಅಲ್ಲೇ ಕ್ಯಾಂಪಿನ ಡಾಕ್ಟರಿಗೆ ಫೋನ್ ಮಾಡಿದಳು. ಸದ್ಯ ಹಳದಿ ಬೇಡ, ಬಿಳಿ ಇರಲಿ, ಗುರುವಾರ ಎರಡೂ ಕಡೆಯ ಚೀಟಿ ಹಿಡಿದು ಬನ್ನಿ ಅಂದರಂತೆ.

ಅಕ್ಕ ಎದ್ದು ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಅಳುತ್ತಿದ್ದಾಳೆ ಅಂದುಕೊಂಡೆ. ಸೀರೆಗಳ ಅಡಿಯಿಂದ ಬ್ರಹ್ಮಾವರದ ಫೈಲು ತೆಗೆದು ತಂದಳು.

ನವೆಂಬರ್ 13, ಗುರುವಾರ. ಸಂಜೆ

ಮೂವರೂ ಕ್ಯಾಂಪಿಗೆ ಹೋದೆವು. ಡಾಕ್ಟರ್ ಶರ್ಮಿಳಾ, ಸಣ್ಣ ಪ್ರಾಯ. ಫೈಲು ಓದಿ ಅಲ್ಲಿಂದಲೇ ಬ್ರಹ್ಮಾವರದ ಡಾಕ್ಟರಿಗೆ ಫೋನ್. ಸ್ಪೀಕರ್ ಹಾಕಿ. ಯಾವ ಮಾತ್ರೆ, ಎಷ್ಟು, ಇನ್ನು ಮೇಲೆ ಯಾರು ನೋಡುವುದು... ಹತ್ತು ನಿಮಿಷ. ಒಂದೇ ಚೀಟಿ ಬರೆದರು. ಅದರ ಕೆಳಗೆ ಕುಸುಮಳ ನಂಬರ್, ಅಕ್ಕನ ನಂಬರ್.

"ಇನ್ನೇನಾದರೂ ಕೇಳೋದಿದೆಯಾ?"

"ಈ ಫೋನ್ ಮುಂಚೆ ಎಂತಕೆ ಮಾಡ್ಲಿಲ್ಲ?" ಅಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಬೇರೆ ಡಾಕ್ಟರ್ ಇದ್ದಾರಾ ಅಂತ ಮೊದಲೇ ಕೇಳಿ, ಮಾಡಬೇಕಿತ್ತು" ಅಂದರು. ಅದು ನನಗೆ ಇಷ್ಟವಾಯಿತು.

ನನ್ನ ಬಗ್ಗೆ ಎಲ್ಲರೂ ಮಾತಾಡುತ್ತಿದ್ದಾರೆ ಅನ್ನಿಸುವುದು — ನನ್ನ ಕಾಯಿಲೆ ಶುರುವಾದದ್ದೇ ಹಾಗೆ. ಮುಂಬೈ ಬಿಟ್ಟದ್ದೂ ಅದಕ್ಕೇ. ಇವತ್ತು ನಿಜವಾಗಿ ಮಾತಾಡಿದರು. ನನ್ನೆದುರೇ. ಹೆದರಿಕೆ ಆಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಮಾತಾಡಲಿ ಅನ್ನಿಸಿತು.

ಡಿಸೆಂಬರ್ 16, ಮಂಗಳವಾರ

ತಿಂಗಳಿಂದ ಬರೆದೇ ಇಲ್ಲ. ಹಗಲು ನಿದ್ದೆ ಹೋಯಿತು. ಲೋಟ ತುಂಬ ನೀರು ಹಿಡಿದು ಅಂಗಳ ಮೂರು ಸುತ್ತು ಬಂದೆ. ನಾಲ್ಕೈದು ಹನಿ ಚೆಲ್ಲಿತು, ಅಷ್ಟೇ.

ಬೀಜಾಡಿಯವರಿಗೆ ಅಕ್ಕನೇ ನನ್ನ ವಿಷಯ ಹೇಳಿದಳಂತೆ. ಉತ್ತರ ಬಂದಿಲ್ಲ. ನನ್ನಿಂದಾಗಿ ಹೀಗಾಯಿತು ಅಂತ ಶ್ರಾವ್ಯಳಿಗೆ ಹೇಳಿದೆ. ಅವಳು ನಕ್ಕಳು. "ಬಪ್ಪವ್ರಾದ್ರೆ ಬತ್ರ್ ಮಾವ."

ಡಿಸೆಂಬರ್ 28, ಭಾನುವಾರ. 4.10, ಸುಧೀರನ ಹೋಟೆಲ್

ಇವತ್ತು ಪರೀಕ್ಷೆ. ಮತ್ತೆ ಅದೇ ಮೂಲೆ ಮೇಜು. ಯಾರು ಕೂತಿದ್ದಾರೆ ನೋಡಿದರೆ — ಅಕ್ಕ! ಪಕ್ಕದಲ್ಲಿ ಕುಸುಮ. ಇಡೀ ಪೇಟೆಗೆ ಕಾಣುವ ಹಾಗೆ.

"ಹ್ವಾಯ್, ಎರಡ್ ಚಾ!" ಗಿರಾಕಿಯ ಹಾಗೆ ಕೂಗಿದಳು ಅಕ್ಕ. ನನ್ನ ವಿಷಯದಲ್ಲಿ ಅವಳು ಇಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ.

ಸುಧೀರ ಬೇಕಂತಲೇ ಗ್ಲಾಸು ಅಂಚಿನವರೆಗೆ ತುಂಬಿಸಿದ್ದಾನೆ. ಪೆನ್ನು ಇಡಬೇಕು, ಎರಡೂ ಕೈ ಬೇಕು —