ಗೋಡೆಯ ಮೇಲಿನ ಅಪ್ಪ

ಖಾಸಬಾಗ, ಬೆಳಗಾವಿ
೧೧ ಡಿಸೆಂಬರ್ ೨೦೨೫, ಗುರುವಾರ

ರೂಪಾಲಿಯ ಅಪ್ಪನವರಿಗೆ ತ್ರಿವೇಣಿಯ ನಮಸ್ಕಾರ.

ಮಗಳನ್ನು ಕರೆದುಕೊಂಡು ತವರಿಗೆ ಬಂದು ಒಂದು ವರ್ಷವಾಯಿತು. ಈಗ ಬರೆಯುತ್ತಿರುವುದೂ ತಲೆ ತಗ್ಗಿಸುವ ಸುದ್ದಿಯೇ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ 'ಹಲೋ' ಕೇಳುತ್ತಲೇ ನನಗೆ ಹಳೇ ಜಗಳ ನೆನಪಾಗುತ್ತದೆ. ಅದಕ್ಕೇ ನಿಮ್ಮೂರು ಖಾನಾಪುರಕ್ಕೆ ಹೊರಟ ನೆರೆಮನೆಯ ಬಾಳಪ್ಪಣ್ಣನ ಕೈಯಲ್ಲಿ ಈ ಕಾಗದ. ಶನಿವಾರ ಶಾಲೆಯಲ್ಲಿ ಪಾಲಕರ ಸಭೆಯಿದೆ. ಅಪ್ಪ ಬರಲೇಬೇಕೆಂದು ರೂಪಾಲಿಯ ಹಟ. ಬರುವ ಮೊದಲು ನಿಮಗೊಂದು ವಿಷಯ ಗೊತ್ತಿರಲಿ.

ಇಂಗ್ಲಿಷ್ ತಾಸಿನಲ್ಲಿ ಮೆಟಫರ್ ಅಂತ ಒಂದು ಪಾಠ ನಡೆದಿದೆ. ನಾವು ಕಲಿತ ರೂಪಕಾಲಂಕಾರವೇ. 'ಅದರ ಹಾಗೆ', 'ಇದರ ಹಾಗೆ' ಎನ್ನದೆ ಒಂದನ್ನು ಇನ್ನೊಂದು ಎಂದೇ ಹೇಳಿಬಿಡುವುದು. ಮನೆಯವರ ಮೇಲೆ ಒಂದೊಂದು ವಾಕ್ಯ ಬರೆಯಿರಿ ಅಂದರಂತೆ ಟೀಚರು. ಉಳಿದ ಮಕ್ಕಳು ಪೆನ್ನು ಕಚ್ಚುತ್ತ ಕೂತಿದ್ದರೆ ನಮ್ಮವಳು ಸರಸರ ಬರೆದು ಕೊಟ್ಟಳಂತೆ. ಕ್ಲಾಸಿಗೇ ಫಸ್ಟ್. ಚಪ್ಪಾಳೆಯೂ ಆಯಿತು. ನಾನೂ ಹಿಗ್ಗಿ ಕುಂದಾ ತಂದು ಅವಳ ಬಾಯಿಗಿಟ್ಟೆ.

ನಿನ್ನೆ ಮರೆತು ಹೋದ ಊಟದ ಡಬ್ಬಿ ಕೊಡಲು ಹೋದಾಗ ಆ ಹಾಳೆ ಗೋಡೆಯ ಮೇಲೆ ಕಂಡೆ. ನನ್ನ ಅಪ್ಪ ಕಲ್ಲು. ನನ್ನ ಅಜ್ಜಿ ಚೇಳು. ಖಾನಾಪುರದ ಮನೆ ಜೇಲು. ಬರೆದದ್ದು ಇಂಗ್ಲಿಷಿನಲ್ಲಿ, ಮಾತೆಲ್ಲ ನನ್ನವು. ರೊಟ್ಟಿ ಬಡಿಯುತ್ತ, ಪಾತ್ರೆ ಕುಕ್ಕುತ್ತ ನಾನು ಆಡಿದ್ದೆಲ್ಲ ಬಣ್ಣಬಣ್ಣದ ಸ್ಕೆಚ್ ಪೆನ್ನಿನಲ್ಲಿ! ಪಕ್ಕದಲ್ಲಿದ್ದ ಯಾರೋ ತಾಯಿ ಓದಿ ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ತೆಗೆಯಲು ಟೀಚರು ಒಪ್ಪಿದರು, ಮಗಳು ಒಪ್ಪಲಿಲ್ಲ. ಫಸ್ಟ್ ಬಂದದ್ದನ್ನು ಯಾಕೆ ತೆಗೆಯಬೇಕು ಎಂದು ಮನೆಗೆ ಬಂದ ಮೇಲೂ ಅತ್ತಳು. ಅದು ಖರೇ ಅಲ್ಲ, ಮೆಟಫರ್ ಅಷ್ಟೇ, ಅಪ್ಪ ಏನು ಕಲ್ಲೇ ಎಂದು ರಮಿಸಿದೆ. ಅವಳು ಅಳು ನಿಲ್ಲಿಸಿ ನನ್ನ ಮುಖ ನೋಡಿದಳು.

"ಹಂಗಾದ್ರ ಅಪ್ಪಾ ಖರೇ ಹೆಂಗದಾನವ್ವಾ?"

ನನಗೆ ಗೊತ್ತಿತ್ತು. ಅವಳು ಸಣ್ಣವಳಿದ್ದಾಗ ಕಾಲು ಮುರಿದುಕೊಂಡರೆ ಪ್ಲಾಸ್ಟರ್ ತೆಗೆಯುವವರೆಗೆ ಹೆಗಲ ಮೇಲೆ ಹೊತ್ತು ಅಂಗನವಾಡಿಗೆ ಬಿಟ್ಟವರು ನೀವು. ಅವಳಿಗದು ನೆನಪಿಲ್ಲ. ಅಷ್ಟು ಹೇಳಿದರೆ, ಮತ್ತೆ ನಾವು ಇಲ್ಲಿ ಯಾಕಿದ್ದೇವೆ ಎಂದು ಕೇಳಿಯಾಳೆಂಬ ಹೆದರಿಕೆ ನನಗೆ. "ಮೊದ್ಲ ಉಣ್ಣು ಹೋಗು" ಎಂದು ಗದರಿಸಿ ಕಳಿಸಿದೆ. ಅಪ್ಪನ ಬಗ್ಗೆ ಒಂದು ಒಳ್ಳೆಯ ಮಾತು ಕೇಳಿದ ಮಗುವಿಗೆ ನಾನು ಕೊಟ್ಟದ್ದು ಅಷ್ಟೇ.

ಅತ್ತೆಯವರ ಜೊತೆಗಿನ ಜಗಳ ಸುಳ್ಳಲ್ಲ. ಅಂದು ನೀವು ನನ್ನ ಪರ ಒಂದು ಮಾತೂ ಆಡಲಿಲ್ಲವೆಂಬ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಆ ಸಿಟ್ಟನ್ನು ಹುಡುಗಿಯ ತಲೆಗೆ ತುಂಬಿದೆನಲ್ಲ, ಅದಕ್ಕೆ ನಾಚಿಕೆಯಾಗುತ್ತಿದೆ. ಶನಿವಾರ ಬನ್ನಿ. ಹಾಳೆ ಅಲ್ಲೇ ಇರುತ್ತದೆ. ನೀವು ಓದುವಾಗ ನಾನೂ ಬಾಜೂಕ್ಕೇ ನಿಂತಿರುತ್ತೇನೆ.

ಇಂತಿ,
ತ್ರಿವೇಣಿ

ತಾ.ಕ.: ಹಾಳೆಯ ಕೊನೆಗೆ 'ನನ್ನ ಅವ್ವ' ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದಾಳೆ. ಯಾಕೆಂದು ಟೀಚರು ಕೇಳಿದ್ದಕ್ಕೆ, "ರವಿವಾರ ನಂಗ ಫೋನ್ ಮಾಡ್ದಾಗ ಅಪ್ಪಾ ಅವ್ವಗ ಏನೂ ಬೈಯೂದಿಲ್ರಿ, ಮತ್ತ ಏನ್ ಬರೀಲ್ರಿ?" ಅಂದಳಂತೆ.