ನಾಲಿಗೆಗಾಗಿ ಬಿಟ್ಟ ಮಾತ್ರೆ

೧೨ ಮಾರ್ಚ್, ಗುರುವಾರ

ಪುಟ್ಟನಿಗೆ,

ನಾವು ಕ್ಷೇಮವಾಗಿಲ್ಲ. ನೀನು ಕ್ಷೇಮವಾಗಿದ್ದೀಯ ಎಂದು ಗೊತ್ತು, ಅದಕ್ಕೇ ಕೇಳುತ್ತಿಲ್ಲ. ನಿನ್ನ ಮೆಸೇಜುಗಳಿಗೆ ಉತ್ತರ ತಡವಾಯಿತು; ಮೊಬೈಲ್ ಹಿಡಿದಾಗಲೆಲ್ಲ ಬಾಯಿಗೆ ಬರುತ್ತಿದ್ದದ್ದು ಬರೀ ಬೈಗುಳ. ಕಾಗದದಲ್ಲಾದರೆ ಒಂದಿಷ್ಟು ಮರ್ಯಾದೆ ಉಳಿದೀತು ಎಂದುಕೊಂಡೆ. ಉಳಿಯುತ್ತದೋ ಇಲ್ಲವೋ, ನೋಡೋಣ.

ನಿನ್ನ ಭಾವನನ್ನು ಆಸ್ಪತ್ರೆಯಿಂದ ಕರೆತಂದಾಯಿತು. ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಇಲ್ಲದ ಕಾಲಿನ ಹೆಬ್ಬೆರಳು ತುರಿಸುತ್ತದೆ ಎನ್ನುತ್ತಾರೆ, ನಾನು ಎಲ್ಲಿ ಕೆರೆಯಲಿ? ರಕ್ತನಾಳದ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ: "ಬಲಗಾಲಿನ ನಾಳಾನೂ ಅರ್ಧ ಕಟ್ಟಿದೆ. ಮಾತ್ರೆ ತಗೊಳ್ಳದೇ ಇದ್ರೆ ಅದನ್ನೂ ಉಳಿಸೋಕಾಗಲ್ಲ." ಇವರು ಮಾತ್ರೆ ಮುಟ್ಟುತ್ತಿಲ್ಲ.

ನಮ್ಮ ಮನೆಗೆ ಊಟಕ್ಕೆ ಬಂದು ನೀನು ಭಾಷಣ ಬಿಗಿದೆಯಲ್ಲ, ನೆನಪಿದೆಯಾ? ಚಹ ಕಂಪನಿಯಲ್ಲಿ ರುಚಿ ನೋಡುವುದೇ ಇವರ ಕೆಲಸ. ಉದ್ದ ಮೇಜಿನ ಮೇಲೆ ಸಾಲು ಬಟ್ಟಲು. ಚಮಚದಿಂದ ಸೊರ್ರೆಂದು ಹೀರಿ, ಬಾಯಲ್ಲಿ ಹೊರಳಿಸಿ, ಪಕ್ಕದ ಪಾತ್ರೆಗೆ ಉಗುಳುವುದು. ನೀನೋ, ಗಿಡಗಳಲ್ಲಿರುವ ಪಾಲಿಫಿನಾಲ್ ಎಂಬ ಒಗರು ಸತ್ವದ ಮೇಲೆ ಸಂಶೋಧನೆ ಮಾಡುವ ಮಹಾಶಯ. "ಭಾವ, ಚಹದಲ್ಲಿ ಇರೋದೇ ಅದು! ರಕ್ತನಾಳದ ಒಳಪದರ ಬಿಗಿಯದ ಹಾಗೆ ಕಾಯುತ್ತೆ. ಜೀವನಪೂರ್ತಿ ಔಷಧಿನೇ ಉಗುಳಿಬಿಟ್ರಲ್ಲ ನೀವು!" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಮಾರನೆಯ ದಿನದಿಂದ ಇವರು ಉಗುಳುವುದನ್ನು ಬಿಟ್ಟು ನುಂಗತೊಡಗಿದರು.

ಅಲ್ಲಿಗೆ ನಿಂತಿದ್ದರೆ ನನ್ನ ತಕರಾರಿರಲಿಲ್ಲ. ಕಾಲಿನ ನಾಳ ಕಟ್ಟದಿರಲೆಂದು ಡಾಕ್ಟರು ಕೊಟ್ಟ ಮಾತ್ರೆ ಶುರುವಾದಾಗಿನಿಂದ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿದೆ ಎಂದು ಗೋಳಾಡುತ್ತಿದ್ದರು. ಚೆನ್ನಾಗಿದ್ದ ಸರಕನ್ನೇ ಕಳಪೆ ಎಂದು ವಾಪಸ್ ಕಳಿಸಿ, ಮ್ಯಾನೇಜರ್ ಹತ್ತಿರ ಬೈಸಿಕೊಂಡು ಬಂದಿದ್ದರು. ಆ ಸಂಜೆಯೇ ನಿನಗೆ ಫೋನ್ ಮಾಡಿ, "ಚಹ ನುಂಗ್ತಾ ಇದ್ದೀನಲ್ಲ, ಈ ಮಾತ್ರೆ ಬಿಡಬಹುದಾ?" ಎಂದು ಕೇಳಿದರು. ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ. ಸ್ಪೀಕರಿನಲ್ಲಿ ನಿನ್ನ ದನಿ ಸ್ಪಷ್ಟವಾಗಿತ್ತು: "ನಾಲಿಗೆಗೆ ತೊಂದ್ರೆ ಅಂದ್ರೆ ಸ್ವಲ್ಪ ದಿನ ನಿಲ್ಲಿಸಿ ನೋಡಿ ಭಾವ, ಏನಾಗಲ್ಲ." ಏನಾಗಲ್ಲ! ನೀನು ಡಾಕ್ಟರೇನೋ? ನಿನ್ನ ಪ್ರಯೋಗಾಲಯದ ಇಲಿಗೂ ಇಷ್ಟು ಸಲೀಸಾಗಿ ಔಷಧಿ ನಿಲ್ಲಿಸುತ್ತೀಯಾ?

ಇವರು ಅವತ್ತೇ ಮಾತ್ರೆ ಬಿಟ್ಟರು. ಪಾದ ತಣ್ಣಗಾಗಿ ನೀಲಿಗಟ್ಟಿದಾಗ ಆಸ್ಪತ್ರೆಗೆ ಹೊತ್ತುಕೊಂಡು ಓಡಿದೆವು. ಆಗ ನೀನು ಕಳಿಸಿದ್ದು ಒಂದೇ ಸಾಲು: "ಭಾವ ನನ್ನ ಮಾತನ್ನು ತಪ್ಪಾಗಿ ತಿಳ್ಕೊಂಡಿದ್ದಾರೆ." ಸುಳ್ಳ! ಆಪರೇಶನ್ ಕೋಣೆಯ ಹೊರಗೆ ನಿಂತು ಅದನ್ನು ಓದಿದಾಗ, ನೀನು ನನ್ನ ತಮ್ಮನೆಂಬುದಕ್ಕೇ ಹೇಸಿಗೆಯಾಯಿತು.

ನಿನ್ನ ಶಾಸ್ತ್ರವನ್ನೂ ಡಾಕ್ಟರ ಮುಂದಿಟ್ಟೆ. ಅವರೇನೂ ನಗಲಿಲ್ಲ. "ಚಹ ಕುಡೀಲಿ, ಬೇಡ ಅನ್ನಲ್ಲ. ನಾಳಕ್ಕೆ ಅಷ್ಟೋ ಇಷ್ಟೋ ಒಳ್ಳೇದು ಮಾಡಬಹುದು. ಆದ್ರೆ ಕಟ್ಟಿರೋ ನಾಳಕ್ಕೆ ಮಾತ್ರೆ ಬದಲು ಅದು ಸಾಲಲ್ಲಮ್ಮ" ಎಂದರು. ಇಷ್ಟನ್ನು ನೀನು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಭಾವ ಬಾಯ್ತುಂಬ ಹೊಗಳುತ್ತಿದ್ದರಲ್ಲ, ಆ ಮತ್ತಿನಲ್ಲಿದ್ದೆ.

ಇವರದೂ ಹಟ. "ಒಂದು ಕಾಲಲ್ಲೂ ಸ್ಟೂಲ್ ಮೇಲೆ ಕೂತು ರುಚಿ ನೋಡ್ತೀನಿ ಕಣೇ. ನಾಲಿಗೆ ಹೋದ್ರೆ ನನ್ನನ್ನ ಯಾರು ಕೇಳ್ತಾರೆ?" ಎನ್ನುತ್ತಾರೆ. ಮಾತ್ರೆ ಬದಲಿಸಿ ನೋಡೋಣ ಎಂದು ಡಾಕ್ಟರು ಹೇಳಿದ್ದನ್ನೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ದೇವರು ನಿನಗೆ ಆಯುಸ್ಸು ಕೊಡಲಿ. ಮಾಡಿದ್ದನ್ನು ನೆನೆಸಿಕೊಳ್ಳಲು ಅದು ಬೇಕಾಗುತ್ತದೆ.

ಅಕ್ಕ

ತಾ.ಕ.: ನಿನ್ನೆ ಅಂಗೈಯಲ್ಲಿ ಮಾತ್ರೆ ಹಿಡಿದು ಇವರ ಮುಂದೆ ಅತ್ತುಬಿಟ್ಟೆ. ತಲೆ ನೇವರಿಸಿ, "ನಿನಗೆ ಇದೆಲ್ಲ ತಿಳಿಯಲ್ಲ ಬಿಡು, ಪುಟ್ಟ ಬಂದು ಹೇಳಿದ್ರೆ ತಗೊಳ್ತೀನಿ" ಎಂದರು. ಇಷ್ಟು ವರ್ಷ ಜೊತೆಗೆ ಬಾಳಿದವಳ ಮಾತು ಮಾತೇ ಅಲ್ಲ. ಕಾಲು ಕಳೆದ ನಿನ್ನದು ಇವತ್ತಿಗೂ ವೇದವಾಕ್ಯ. ಭಾನುವಾರ ಬಾ. ತಪ್ಪು ಹೇಳಿದ್ದೆ ಎಂದು ನಿನ್ನ ಬಾಯಿಂದಲೇ ಹೇಳಿ ಮಾತ್ರೆ ಕೊಡು. ನಾನು ಮನೆಯಲ್ಲಿರುವುದಿಲ್ಲ. ನಿನ್ನ ಕೈಯಿಂದ ಇವರು ಅದನ್ನು ತೆಪ್ಪಗೆ ನುಂಗುವುದನ್ನು ನೋಡುವ ಶಕ್ತಿ ನನಗಿಲ್ಲ.